ಹುಳು ತಿಂದ ಎಲೆಯ ಸಾಕ್ಷ್ಯ

ಹಳಗನ್ನಡ ಕಾವ್ಯಗಳ ಸಂಪಾದಕರು ಬರೆದ ಪೀಠಿಕೆಗಳಲ್ಲಿ 'ಗ್ರಂಥಪಾತ' ಎಂಬ ಶಬ್ದವು ಪದೇ ಪದೇ ಕಾಣಸಿಗುತ್ತದೆ. ಓಲೆಯ ಗರಿಯನ್ನು ಹುಳು ಕೊರೆದು ನಾಲ್ಕಾರು ಅಕ್ಷರಗಳು ಹೋಗಿರುತ್ತವೆ. ಸಂಪಾದಕರು ಆ ಸ್ಥಳದಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಸಾಗುತ್ತಾರೆ. ಇತಿಹಾಸದ ಅಭ್ಯಾಸಿಗಳಾದ ನಮಗೂ ಹುಳುವಿನ ತೂತೆಂದರೆ ಪ್ರಮಾಣವೊಂದು ನಷ್ಟವಾಯಿತೆಂದೇ ಅರ್ಥ. ಇದಕ್ಕೆ ತೀರ ವಿಪರೀತವಾಗಿ, ತೂತನ್ನೇ ಅಕ್ಷರವೆಂದು ಓದುವ ವಿದ್ಯೆಯೊಂದು ಭೂವಿಜ್ಞಾನ ಮತ್ತು ಸಸ್ಯಶಾಸ್ತ್ರಗಳ ಗಡಿಯಲ್ಲಿ ಕಳೆದ ಕೆಲವು ದಶಕಗಳಿಂದ ಬೆಳೆದುಬಂದಿದೆ. ಕೋಟ್ಯಂತರ ವರ್ಷಗಳ ಹಿಂದೆ ಕೆಸರಿನಲ್ಲಿ ಹುದುಗಿ ಶಿಲೆಯಾದ ಎಲೆಗಳ ಮೇಲೆ ಅಂದಿನ ಕೀಟಗಳು ಬಿಟ್ಟುಹೋದ ಗಾಯಗಳನ್ನು ಎಣಿಸಿ, ವಿಂಗಡಿಸಿ, ಅವುಗಳಿಂದ ಅಂದಿನ ಕಾಡು ಹೇಗಿದ್ದಿತೆಂದು ಊಹಿಸುವುದೇ ಈ ವಿದ್ಯೆಯ ಉದ್ದೇಶ.

ಈ ಮಾರ್ಗದಲ್ಲಿ 2022ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟವಾದ ಒಂದು ಪ್ರಬಂಧವನ್ನು ಇಲ್ಲಿ ಪರಾಮರ್ಶಿಸಲು ಉದ್ದೇಶಿಸಿದ್ದೇನೆ. ಲೇಖಕರು ಲಾರೆನ್ ಅಜೆವೆಡೊ-ಷ್ಮಿಟ್, ಎಮಿಲಿ ಮೈನೆಕೆ ಮತ್ತು ಎಲೆನ್ ಕುರಾನೊ ಎಂಬ ಮೂವರು. ಇಂದಿನ ಕಾಡುಗಳಲ್ಲಿ ಕೀಟಗಳಿಂದ ಎಲೆಗಳಿಗಾಗುತ್ತಿರುವ ಹಾನಿಯು, ತಾವು ಪರಿಶೀಲಿಸಿದ ಯಾವುದೇ ಪ್ರಾಕ್ತನ ಕಾಡಿನ ಹಾನಿಗಿಂತ ಹೆಚ್ಚೆಂಬುದು ಅವರ ಸಿದ್ಧಾಂತ. ಇತಿಹಾಸದ ಉಪಾಧ್ಯಾಯನೊಬ್ಬನು ಸಸ್ಯಶಾಸ್ತ್ರದ ಪ್ರಬಂಧಕ್ಕೆ ವಿಮರ್ಶೆ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಈ ವಿದ್ವಾಂಸರು ತಮ್ಮ ಎಣಿಕೆಯನ್ನು ಮುಗಿಸಿದ ಬಳಿಕ ಕಾರಣವನ್ನು ಹುಡುಕಿಕೊಂಡು ಹೋಗಿ ನಿಂತಿರುವುದು ಮನುಷ್ಯನ ಬಳಿ. ಮನುಷ್ಯನು ನೆಲವನ್ನು ಬಳಸಿದ ರೀತಿಯೇ ಈ ಹೆಚ್ಚಳಕ್ಕೆ ಕಾರಣವಿರಬಹುದೆಂದು ಅವರು ಹೇಳುತ್ತಾರೆ. ಆ ಮಾತನ್ನು ಆಡಿದೊಡನೆ ಅವರು ನಮ್ಮ ಅಂಗಳಕ್ಕೆ ಕಾಲಿಟ್ಟಂತಾಯಿತು. ಬಂದವರನ್ನು ಮಾತನಾಡಿಸುವುದು ನಮ್ಮ ಕರ್ತವ್ಯ.

ಮೊದಲು ಈ ವಿದ್ಯೆಯ ಕ್ರಮವನ್ನು ತಿಳಿಯೋಣ. ಶಿಲೆಯಲ್ಲಿ ಅಚ್ಚೊತ್ತಿದ ಎಲೆಯೊಂದರಲ್ಲಿ ತೂತು ಕಂಡರೆ ಅದನ್ನು ಕೀಟವೇ ಮಾಡಿತೆಂದು ಹೇಗೆ ಹೇಳುವುದು? ನೀರಿನಲ್ಲಿ ತೇಲುವಾಗ ಹರಿದಿರಬಹುದು, ಉದುರಿದ ಮೇಲೆ ಕೊಳೆತಿರಬಹುದು. ಇಲ್ಲಿ ಸಾಕ್ಷಿ ಹೇಳುವುದು ಗಿಡವೇ. ಜೀವಂತವಾದ ಎಲೆಯನ್ನು ಹುಳು ಕಚ್ಚಿದರೆ ಗಾಯದ ಅಂಚಿನಲ್ಲಿ ಹೊಸ ಜೀವಕೋಶಗಳು ಬೆಳೆದು ದಪ್ಪನಾದ ಕಪ್ಪು ಕಟ್ಟೊಂದು ಮೂಡುತ್ತದೆ; ಸತ್ತ ಎಲೆಯಲ್ಲಿ ಅದು ಮೂಡದು. ನಮ್ಮ ಓಲೆಗರಿಯ ತೂತಿಗೂ ಈ ತೂತಿಗೂ ಇರುವ ವ್ಯತ್ಯಾಸವೇ ಇದು. ಓಲೆಯನ್ನು ತಿಂದ ಹುಳು ತಿಂದದ್ದು ಒಣಗಿದ ಗರಿಯನ್ನು. ಅದಕ್ಕೆ ಉತ್ತರ ಕೊಡುವ ಶಕ್ತಿ ಗರಿಗೆ ಉಳಿದಿರಲಿಲ್ಲ.

ಗಾಯಗಳನ್ನು ವರ್ಗೀಕರಿಸಲು ಕಾನ್ರಾಡ್ ಲಬಾಂಡೀರಾ, ಪೀಟರ್ ವಿಲ್ಫ್ ಮೊದಲಾದವರು ಸಿದ್ಧಪಡಿಸಿದ ಕೈಪಿಡಿಯೊಂದಿದೆ. ಅದರ ಮೂರನೆಯ ಆವೃತ್ತಿಯನ್ನು 2007ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಹೊರತಂದಿತು. ಅಂಚನ್ನು ಕಚ್ಚಿದ್ದು, ನಡುವೆ ತೂತು ಕೊರೆದದ್ದು, ನರಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಎಲೆಯನ್ನು ಜಾಲರಿ ಮಾಡಿದ್ದು, ಮೇಲ್ಪದರವನ್ನಷ್ಟೇ ಕೆರೆದದ್ದು, ಸೂಜಿಮೂತಿಯನ್ನು ಚುಚ್ಚಿ ರಸ ಹೀರಿದ್ದು, ಎಲೆಯ ಎರಡು ಪದರಗಳ ನಡುವೆ ಸುರಂಗ ತೋಡಿದ್ದು, ಗಂಟು ಎಬ್ಬಿಸಿದ್ದು, ಮೊಟ್ಟೆಯಿಡಲು ಸೀಳಿದ್ದು, ಹೀಗೆ. ಸುರಂಗ ಮತ್ತು ಗಂಟುಗಳಿಗೆ ವಿಶೇಷ ಮಹತ್ತ್ವ. ಸಿಕ್ಕ ಸಿಕ್ಕ ಎಲೆಯನ್ನು ಕಚ್ಚುವ ಮಿಡತೆ ಎಲ್ಲೆಡೆಯೂ ಇರುತ್ತದೆ. ಆದರೆ ಸುರಂಗ ತೋಡುವ ಕೀಟವು ಸಾಮಾನ್ಯವಾಗಿ ಒಂದೆರಡು ಜಾತಿಯ ಗಿಡಗಳನ್ನೇ ನೆಚ್ಚಿಕೊಂಡಿರುತ್ತದೆ. ಆ ಗಿಡ ಅಳಿದರೆ ಅದೂ ಅಳಿಯುತ್ತದೆ. ಶಾಸನಗಳ ಲಿಪಿಯನ್ನು ನೋಡಿ ಕಾಲವನ್ನು ನಿರ್ಣಯಿಸುವವರಿಗೆ ಈ ಬಗೆಯ ತರತಮಜ್ಞಾನ ಹೊಸದಲ್ಲ.

ಈ ಕ್ರಮದಿಂದ ನಿಜವಾಗಿಯೂ ಫಲ ದೊರೆತಿದೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಉತ್ತರ ಡಕೋಟದ ನೈರುತ್ಯಭಾಗದಲ್ಲಿ ದೊರೆತ 13,441 ಸಸ್ಯಾವಶೇಷಗಳನ್ನು ಪರೀಕ್ಷಿಸಿ 2002ರಲ್ಲಿ ಲಬಾಂಡೀರಾ, ಕರ್ಕ್ ಜಾನ್ಸನ್ ಮತ್ತು ವಿಲ್ಫ್ ತೋರಿಸಿದ್ದೇನೆಂದರೆ, 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದೈತ್ಯೋರಗಗಳು ಅಳಿದ ಸಂದರ್ಭದಲ್ಲಿ, ಒಂದೇ ಗಿಡವನ್ನು ನೆಚ್ಚಿದ ಕೀಟಗಳ ಗುರುತುಗಳೇ ಹೆಚ್ಚಾಗಿ ಕಣ್ಮರೆಯಾದುವು. ಏನನ್ನಾದರೂ ತಿನ್ನುವ ಕೀಟಗಳ ಗುರುತುಗಳು ಉಳಿದುಕೊಂಡುವು. ಕೀಟಗಳ ಶರೀರಗಳೇ ದೊರೆಯದ ಸ್ಥಳದಲ್ಲಿ ಅವುಗಳ ವಿನಾಶದ ಕಥೆಯನ್ನು ಎಲೆ ಹೇಳಿತು. ಮುಂದೆ 2008ರಲ್ಲಿ ಕುರಾನೊ ಮತ್ತು ಅವರ ಸಹೋದ್ಯೋಗಿಗಳು ವಯೋಮಿಂಗ್ ಪ್ರಾಂತದ ಬಿಗ್‌ಹಾರ್ನ್ ಕಣಿವೆಯ ಐದು ಸ್ಥಳಗಳಿಂದ 5,062 ಎಲೆಗಳನ್ನು ಪರೀಕ್ಷಿಸಿದರು. ಸುಮಾರು 5 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಪೇಲಿಯೊಸೀನ್ ಯುಗ ಮುಗಿದು ಇಯೊಸೀನ್ ಮೊದಲಾಗುವಲ್ಲಿ, ಭೂಮಿಯ ಉಷ್ಣತೆ ಭೂವೈಜ್ಞಾನಿಕ ದೃಷ್ಟಿಯಿಂದ ಅಲ್ಪಕಾಲದಲ್ಲೇ ಐದು ಡಿಗ್ರಿಯಷ್ಟೋ ಅದಕ್ಕಿಂತ ಹೆಚ್ಚೋ ಏರಿತ್ತು. ಆ ಕಾಲದ ಎಲೆಗಳಲ್ಲಿ ಹಾನಿ ತೀವ್ರವಾಗಿ ಹೆಚ್ಚಿ, ಆ ಸೆಕೆ ಇಳಿದ ಮೇಲೆ ಕಡಮೆಯಾದುದು ಕಂಡುಬಂದಿತು.

2022ರ ಪ್ರಬಂಧದ ಬಲವಿರುವುದು ಈ ಹಿಂದಿನ ಕೆಲಸದಲ್ಲಿಯೇ. 6 ಕೋಟಿ 68 ಲಕ್ಷ ವರ್ಷಗಳ ಹಿಂದಿನಿಂದ ಸುಮಾರು 20 ಲಕ್ಷ ವರ್ಷಗಳ ಹಿಂದಿನವರೆಗಿನ ಪ್ರಾಕ್ತನ ಎಲೆಗಳ ಅಂಕಿ ಅಂಶಗಳನ್ನು ಲೇಖಕರು ಒಂದೆಡೆ ಇಟ್ಟರು. ಇನ್ನೊಂದೆಡೆ ಮೂರು ಇಂದಿನ ಕಾಡುಗಳ, 1955ರಿಂದೀಚಿನ ಎಲೆಗಳನ್ನಿಟ್ಟರು: ಮ್ಯಾಸಚೂಸೆಟ್ಸಿನ ಹಾರ್ವರ್ಡ್ ಅರಣ್ಯ, ಮೇರಿಲ್ಯಾಂಡಿನ ಸ್ಮಿತ್ಸೋನಿಯನ್ ಪರಿಸರ ಸಂಶೋಧನ ಕೇಂದ್ರ, ಮತ್ತು ಕೋಸ್ಟರೀಕದ ಲಾ ಸೆಲ್ವ. ಇಂದಿನ ಎಲೆಗಳನ್ನು ಮರದಿಂದ ಕೀಳದೆ, ಪ್ರಾಕ್ತನ ಸಸ್ಯಶಾಸ್ತ್ರದ ಕ್ರಮವನ್ನೇ ಅನುಸರಿಸಿ ಸಂಗ್ರಹಿಸಿದುದು ಪ್ರಶಂಸಾರ್ಹ. ಹಾನಿಗೊಂಡ ಎಲೆಗಳ ಶೇಕಡಾ ಪ್ರಮಾಣವು ಇಂದಿನ ಕಾಡುಗಳಲ್ಲಿ ಎಲ್ಲ ಪ್ರಾಕ್ತನ ಸ್ಥಳಗಳಿಗಿಂತಲೂ ಮೇಲೆ ನಿಂತಿತು. ಬಿಗ್‌ಹಾರ್ನಿನ ಆ ಉಗ್ರವಾದ ಸೆಕೆಯ ಕಾಲವನ್ನೂ ಮೀರಿತು. ಇಂದಿನ ಭೂಮಿ ಅಂದಿನಷ್ಟು ಬಿಸಿಯಾಗಿಲ್ಲ. ಆದ್ದರಿಂದ ಉಷ್ಣತೆಯೊಂದೇ ಕಾರಣವಾಗಿರಲಾರದು, ತಾಪವು ಏರುತ್ತಿರುವ ವೇಗ, ನಗರಗಳ ಹರಹು, ಹೊರಗಿನಿಂದ ಬಂದ ಗಿಡ ಮತ್ತು ಕೀಟಗಳು, ಇವೆಲ್ಲ ಸೇರಿರಬೇಕೆಂದು ಲೇಖಕರ ತರ್ಕ.

ತರ್ಕವು ಚೆನ್ನಾಗಿದೆ. ಆದರೆ ಇತಿಹಾಸಕಾರನು ತೀರ್ಮಾನಕ್ಕಿಂತ ಮೊದಲು ಆಕರವನ್ನು ಪರೀಕ್ಷಿಸಬೇಕಾದವನು.

ಎಲೆಯನ್ನು ಎತ್ತಿಕೊಳ್ಳುವ ಕೈಯ ಬಗ್ಗೆ ಒಂದು ಸಣ್ಣ ಅನುಭವವನ್ನು ಹೇಳುವೆನು. ಆಕರ ವಿಮರ್ಶೆಯನ್ನು ಪಾಠ ಮಾಡುವಾಗ ನಮ್ಮ ಕಾಲೇಜಿನ ಅಂಗಳದ ಹೊಂಗೆಯ ಮರದ ಕೆಳಗಿಂದ ಎಲೆಗಳನ್ನು ತರಲು ವಿದ್ಯಾರ್ಥಿಗಳನ್ನು ಕಳುಹಿಸಿದ್ದೆ. ಕಾರಣವನ್ನು ತಿಳಿಯದ ಗುಂಪು ಅಚ್ಚುಕಟ್ಟಾದ, ಕಲೆಯಿಲ್ಲದ ಎಲೆಗಳನ್ನು ಆರಿಸಿ ತಂದಿತು. ಕಾರಣವನ್ನು ಕೇಳಿದ್ದ ಗುಂಪು ಜರಡಿಯಂತೆ ತೂತುಬಿದ್ದ ಎಲೆಗಳನ್ನೇ ತಂದು ಮೇಜಿನ ಮೇಲೆ ಹೆಮ್ಮೆಯಿಂದ ಇಟ್ಟಿತು. ಮೂರನೆಯ ಸಲ ಒಂದು ಗಜದ ಚೌಕವನ್ನು ನೆಲದ ಮೇಲೆ ಗೀಚಿ, ಅದರೊಳಗಿನದೆಲ್ಲವನ್ನೂ ತರಬೇಕೆಂದು ವಿಧಿಸಬೇಕಾಯಿತು. ಆಗ ಕಂಡದ್ದು ಬೇರೆಯೇ ಚಿತ್ರ: ಪೂರ್ಣ ನಿಷ್ಕಳಂಕವಾದ ಎಲೆ ಅಪರೂಪ, ಪೂರ್ಣ ಹಾಳಾದುದೂ ಅಪರೂಪ. ಎಲೆಗಳ ಮೇಲೆ ಎದ್ದಿದ್ದ ಮೊಡವೆಯಂತಹ ಗಂಟುಗಳನ್ನು ನಾನು ಕೀಟದ ಕೆಲಸವೆಂದೇ ಎಣಿಸಿದ್ದೆ. ಸಸ್ಯಶಾಸ್ತ್ರ ವಿಭಾಗದ ಮಿತ್ರರೊಬ್ಬರು ನಕ್ಕು, ಅವು ನುಸಿಯಿಂದಾದುವೆಂದೂ, ತೆಂಗಿನ ಕಾಯನ್ನು ಕಾಡುವ ನುಸಿಯ ಬಳಗಕ್ಕೇ ಅದು ಸೇರಿದುದೆಂದೂ, ನುಸಿಯು ಕೀಟವಲ್ಲ, ಜೇಡನ ಕಡೆಯ ಬಂಧುವೆಂದೂ ತಿಳಿಸಿದರು. ಮೇಲೆ ಹೇಳಿದ ಕೈಪಿಡಿಯು ತನ್ನ ಶೀರ್ಷಿಕೆಯಲ್ಲಿಯೇ ಕೀಟಗಳ 'ಮತ್ತು ಇತರ' ಹಾನಿಗಳೆಂದು ಸೇರಿಸಿಕೊಂಡಿರುವುದರ ಔಚಿತ್ಯ ಆಗ ಅರ್ಥವಾಯಿತು.

ಪ್ರಾಕ್ತನ ಸಸ್ಯಶಾಸ್ತ್ರಜ್ಞರು ಈ ಅಪಾಯವನ್ನು ಬಲ್ಲವರು. ಆದ್ದರಿಂದಲೇ ಅವರು ಸುಂದರವಾದ ಮಾದರಿಗಳನ್ನು ಮಾತ್ರ ಆರಿಸಿದ ಹಳೆಯ ಸಂಗ್ರಹಾಲಯಗಳನ್ನು ನೆಚ್ಚದೆ, ಕಲ್ಲಿನ ಪದರದಲ್ಲಿ ಸಿಕ್ಕಿದುದನ್ನೆಲ್ಲ ಎಣಿಸುತ್ತಾರೆ. ಅರ್ಧಕ್ಕಿಂತ ಕಡಮೆ ಉಳಿದ ಎಲೆಗಳನ್ನು ಮಾತ್ರ ಎಣಿಕೆಯಿಂದ ಬಿಡುವುದು ರೂಢಿ. ಇದೊಂದು ಅನಿವಾರ್ಯವಾದ ನಿಯಮವಾದರೂ ಇದರ ಪರಿಣಾಮವನ್ನು ಯೋಚಿಸಬೇಕು. ಕಂಬಳಿಹುಳು ಎಲೆಯ ಮುಕ್ಕಾಲುಭಾಗವನ್ನು ತಿಂದುಹಾಕಿದರೆ ಆ ಎಲೆಗೆ ಲೆಕ್ಕದಲ್ಲಿ ಸ್ಥಾನವಿಲ್ಲ. ಪೂರ್ತಿ ತಿಂದರಂತೂ ಎಲೆಯೇ ಇಲ್ಲ. ಅತ್ಯಂತ ದೊಡ್ಡ ಅಪರಾಧಿಯು ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ನುಂಗಿಬಿಡುತ್ತಾನೆ. ಹಾಗೆಯೇ ಎಲೆ ನದಿಯಲ್ಲಿ ತೇಲಿ, ಮರಳಿಗೆ ಉಜ್ಜಿ, ಕೆಸರಿನ ಭಾರಕ್ಕೆ ಸಿಲುಕಿ ಕಲ್ಲಾಗುವ ದೀರ್ಘಯಾತ್ರೆಯಲ್ಲಿ ತೂತುಳ್ಳದ್ದು ಮೊದಲು ಹರಿಯುವುದೋ ಇಡಿಯಾದದ್ದು ಮೊದಲು ಹರಿಯುವುದೋ ಎಂಬುದು ಸಣ್ಣ ಪ್ರಶ್ನೆಯಲ್ಲ. ತೂತುಳ್ಳದ್ದೇ ಮೊದಲಾದರೆ, ಪ್ರಾಕ್ತನ ಕಾಡುಗಳು ನಮಗೆ ತೋರುವುದಕ್ಕಿಂತ ಹೆಚ್ಚು ಗಾಯಗೊಂಡಿದ್ದುವೆಂದಾಗುತ್ತದೆ. 1955ರಿಂದೀಚೆಗೆ ಕೆಸರಿಗೆ ಬಿದ್ದ ಎಲೆ ಆ ಯಾತ್ರೆಯ ಮೊದಲ ಹೆಜ್ಜೆಯನ್ನಷ್ಟೇ ಇಟ್ಟಿದೆ. ಸಂಗ್ರಹದ ಕ್ರಮ ಒಂದೇ ಆದರೂ ಸಂಗ್ರಹವಾಗುವ ವಸ್ತುವಿನ ವಯಸ್ಸು ಒಂದೇ ಅಲ್ಲ.

ಮತ್ತೊಂದು ಮಾತು. ಜಗತ್ತಿನಲ್ಲಿ ಕೀಟಗಳು ಕ್ಷೀಣಿಸುತ್ತಿವೆಯೆಂದು ಬೇರೆ ವಿದ್ವಾಂಸರು ಹೇಳುತ್ತಿರುವ ಕಾಲವಿದು. ಜರ್ಮನಿಯ ರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕವು ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತೆಂದು 2017ರಲ್ಲಿ ಪ್ರಕಟವಾಯಿತು. ತಿನ್ನುವವರು ಕಡಮೆಯಾಗಿ ತಿಂದ ಗುರುತು ಹೆಚ್ಚುವುದು ಹೇಗೆ? ಲೇಖಕರು ಈ ವಿರೋಧಾಭಾಸವನ್ನು ಬಚ್ಚಿಡದೆ ಹೇಳಿರುವುದು ಮೆಚ್ಚತಕ್ಕದ್ದು. ಆದರೂ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಮರೆಯಬಾರದು. ಅಳೆದಿರುವುದು ಗಾಯವುಳ್ಳ ಎಲೆಗಳ ಸಂಖ್ಯೆಯನ್ನೇ ಹೊರತು ಕೀಟಗಳ ಸಂಖ್ಯೆಯನ್ನಲ್ಲ. ಹತ್ತು ಹುಳುಗಳು ಒಂದೇ ಎಲೆಯನ್ನು ತಿಂದರೆ ಲೆಕ್ಕಕ್ಕೆ ಬರುವುದು ಒಂದು. ಒಂದು ಹುಳು ಹತ್ತು ಎಲೆಗಳನ್ನು ರುಚಿ ನೋಡಿದರೆ ಲೆಕ್ಕಕ್ಕೆ ಬರುವುದು ಹತ್ತು.

ಇಷ್ಟಾದರೂ ಇವು ಸಾಕ್ಷ್ಯದ ಅಂಚಿನ ಸಂಶಯಗಳು. ನನ್ನ ಮುಖ್ಯ ಆಕ್ಷೇಪವಿರುವುದು ಬೇರೆಡೆ. ಪ್ರಾಕ್ತನ ಎಲೆಗಳ ಸಾಲು 20 ಲಕ್ಷ ವರ್ಷಗಳ ಹಿಂದೆ ನಿಲ್ಲುತ್ತದೆ. ಇಂದಿನ ಎಲೆಗಳ ಸಾಲು 1955ರಿಂದ ಪ್ರಾರಂಭವಾಗುತ್ತದೆ. ನಡುವಣ 20 ಲಕ್ಷ ವರ್ಷಗಳಿಗೆ ಈ ತುಲನೆಯಲ್ಲಿ ಒಂದು ಎಲೆಯೂ ಇಲ್ಲ. ಹಿಮಯುಗಗಳು ಬಂದುಹೋದುದು, ಮನುಷ್ಯನು ಅಮೆರಿಕ ಖಂಡಕ್ಕೆ ಕಾಲಿಟ್ಟುದು, ಬೇಸಾಯ ಹುಟ್ಟಿದುದು, ಕೊಡಲಿ, ನೇಗಿಲು, ಉಗಿಯಂತ್ರ ಎಲ್ಲವೂ ಈ ಬಿಡುವಿನಲ್ಲಿವೆ. ಮನುಷ್ಯನನ್ನು ಕಾರಣವೆಂದು ಹೇಳುವ ಪ್ರಬಂಧದಲ್ಲಿ ಮನುಷ್ಯನ ಇತಿಹಾಸ ಸರಿಸುಮಾರು ಸಮಸ್ತವೂ ಗ್ರಂಥಪಾತವಾಗಿದೆ. ಪ್ರತಿಗಳು ಎರಡೇ, ಅವುಗಳ ನಡುವೆ ದೀರ್ಘಕಾಲದ ಅಂತರ. ಪಾಠಭೇದ ಯಾವಾಗ ಹುಟ್ಟಿತೆಂದು ಯಾವ ಸಂಪಾದಕನೂ ಇದರಿಂದ ಹೇಳಲಾರನು. ಹೆಚ್ಚಳವು 70 ವರ್ಷಗಳದೋ, 300 ವರ್ಷಗಳದೋ, 10 ಸಾವಿರ ವರ್ಷಗಳದೋ ಈ ಪ್ರಬಂಧದಿಂದ ತಿಳಿಯದು. ಮ್ಯಾಸಚೂಸೆಟ್ಸಿನ ನೆಲವಂತೂ ಕಳೆದ ಹಿಮಯುಗದಲ್ಲಿ ಮಂಜಿನ ಹಾಸಿನಡಿ ಹೂತುಹೋಗಿತ್ತು. ಹಿಮ ಹಿಂದೆ ಸರಿದ ಬಳಿಕ ಮರಗಳೂ ಅವುಗಳ ಕೀಟಗಳೂ ದಕ್ಷಿಣದಿಂದ ಮೆಲ್ಲಮೆಲ್ಲಗೆ ಬಂದು ಸೇರಿದುವು. ಹೀಗೆ ಹೊಸದಾಗಿ ಕೂಡಿದ ಕಾಡಿನಲ್ಲಿ ತಿನ್ನುವುದೂ ತಿನ್ನಿಸಿಕೊಳ್ಳುವುದೂ ಹಳೆಯ ಸಮತೂಕವನ್ನು ಪಡೆದಿಲ್ಲದಿರಬಹುದಷ್ಟೆ. ಲಾ ಸೆಲ್ವದಲ್ಲಿ ಅಂತಹ ಹಿಮವಿರಲಿಲ್ಲವೆಂಬುದು ಈ ಊಹೆಗೆ ವಿರೋಧವಾಗಿ ನಿಲ್ಲುತ್ತದೆಂಬುದನ್ನೂ ಒಪ್ಪುತ್ತೇನೆ.

ಆ ಮೂರು ಕಾಡುಗಳಾದರೂ ಎಂತಹವು? ಹಾರ್ವರ್ಡ್ ಅರಣ್ಯವು 1907ರಲ್ಲಿ ಪೀಟರ್‌ಷ್ಯಾಮ್ ಎಂಬ ಊರಿನಲ್ಲಿ ಸ್ಥಾಪಿತವಾಯಿತು. ಅದರ ಹಿಂದಿನ ಶತಮಾನದಲ್ಲಿ ಅಲ್ಲಿಯ ನೆಲದ ಬಹುಭಾಗ ಕಾಡೇ ಆಗಿರಲಿಲ್ಲ. ಹೊಲ ಮತ್ತು ಹುಲ್ಲುಗಾವಲಾಗಿತ್ತು. ಅರಣ್ಯದ ನಿರ್ದೇಶಕರಾಗಿದ್ದ ಹ್ಯೂ ರಾಪ್ ಅವರು 1966ರಲ್ಲಿ ಅಲ್ಲಿಯ ಜಾನ್ ಸ್ಯಾಂಡರ್ಸನ್ ಎಂಬ ರೈತನ ಹೊಲವನ್ನು ಆಧಾರವಾಗಿಟ್ಟುಕೊಂಡು ಬರೆದ ಲೇಖನವನ್ನು ಇತಿಹಾಸದ ವಿದ್ಯಾರ್ಥಿಗಳು ಅವಶ್ಯವಾಗಿ ಓದಬೇಕು. ನೆಲ ಕೆಟ್ಟುದರಿಂದ ರೈತರು ಬಿಟ್ಟುಹೋಗಲಿಲ್ಲ. 1825ರಲ್ಲಿ ಈರಿ ಕಾಲುವೆ ತೆರೆದು, ಪಶ್ಚಿಮದ ಅಗ್ಗದ ಧಾನ್ಯ ಪೂರ್ವದ ಪೇಟೆಗೆ ಬರತೊಡಗಿದಂತೆ ಬೇಸಾಯ ಗಿಟ್ಟದಾಯಿತು. ಬಿಟ್ಟ ಹೊಲದಲ್ಲಿ ಬಿಳಿ ಪೈನ್ ಎದ್ದಿತು. 20ನೆಯ ಶತಮಾನದ ಆದಿಯ ವೇಳೆಗೆ ಅದನ್ನು ಕಡಿದು ಪೆಟ್ಟಿಗೆಗಳಿಗೆ ಹಲಗೆ ಮಾಡಿದರು. ಅದರ ಬುಡದಲ್ಲಿ ಅಗಲವಾದ ಎಲೆಗಳ ಓಕ್ ಮತ್ತು ಮೇಪಲ್ ಮರಗಳು ಮೇಲೆದ್ದುವು. 1938ರ ಚಂಡಮಾರುತ ಉಳಿದ ಪೈನ್‌ಗಳನ್ನು ಉರುಳಿಸಿತು. ಇಂದು ಅಲ್ಲಿ ಬೀಳುವ ಓಕ್ ಎಲೆಯ ಹಿಂದೆ ಒಂದು ಕಾಲುವೆಯ ಮತ್ತು ಒಂದು ಮಾರುಕಟ್ಟೆಯ ಕಥೆಯಿದೆ.

ಅಲ್ಲಿಗೂ ಮುಗಿಯಲಿಲ್ಲ. 1869ರ ಸುಮಾರಿನಲ್ಲಿ ಅದೇ ಪ್ರಾಂತದ ಮೆಡ್‌ಫರ್ಡಿನಲ್ಲಿ ಟ್ರೂವೆಲೊ ಎಂಬ ಫ್ರೆಂಚ್ ಗೃಹಸ್ಥನು ರೇಷ್ಮೆಯ ಆಸೆಯಿಂದ ಯೂರೋಪಿನ ಪತಂಗವೊಂದನ್ನು ತರಿಸಿ ಸಾಕಿದನು. ಅದು ತಪ್ಪಿಸಿಕೊಂಡಿತು. ಓಕ್ ಎಲೆಯೆಂದರೆ ಅದರ ಹುಳುವಿಗೆ ಪ್ರಾಣ. 1981ರಲ್ಲಿ ಈಶಾನ್ಯ ಅಮೆರಿಕದಲ್ಲಿ ಅದು ಬೋಳಿಸಿದ ಕಾಡಿನ ವಿಸ್ತಾರ ಒಂದು ಕೋಟಿ ಎಕರೆಗೂ ಮಿಗಿಲು. ನಮ್ಮ ಮೂವರು ಲೇಖಕರು ಹೊರಗಿನಿಂದ ಬಂದ ಕೀಟಗಳೆಂದು ಒಂದು ಪದಪುಂಜದಲ್ಲಿ ಹೇಳಿ ಮುಗಿಸಿದುದರ ಒಳಗೆ ಇಂತಹ ವೃತ್ತಾಂತಗಳು ಅಡಗಿವೆ. ಮೇರಿಲ್ಯಾಂಡಿನ ಕೇಂದ್ರವೂ 1965ರಲ್ಲಿ ಆರಂಭವಾದದ್ದು ದಾನವಾಗಿ ಬಂದ ಹೈನಿನ ಹೊಲವೊಂದರಲ್ಲಿ. ಆ ಸೀಮೆಯೆಲ್ಲ ಹಿಂದೆ ಗುಲಾಮರ ದುಡಿಮೆಯಿಂದ ಹೊಗೆಸೊಪ್ಪು ಬೆಳೆದ ನಾಡು. ಲಾ ಸೆಲ್ವದಲ್ಲಿ ಹಳೆಯ ಕಾಡು ಉಳಿದಿದೆ ನಿಜ, ಆದರೆ ಅದರ ಪಕ್ಕದಲ್ಲೇ ಹಳೆಯ ಕೋಕೋ ತೋಟಗಳೂ ಇದ್ದುವು. ಈ ಮೂರನ್ನೂ 'ಇಂದಿನ ಯುಗ' ಎಂಬ ಒಂದೇ ಹೆಸರಿನಲ್ಲಿ ಕಟ್ಟಿ, ಕೋಟ್ಯಂತರ ವರ್ಷಗಳ ಕಾಡುಗಳ ಎದುರಿಗೆ ನಿಲ್ಲಿಸುವುದು ನನಗೆ ಸಮ್ಮತವಲ್ಲ. ಮೂರು ಹಳ್ಳಿಗಳ ಕಂದಾಯದ ಕಡತಗಳನ್ನು ನೋಡಿ ಒಂದು ಸಾಮ್ರಾಜ್ಯದ ಆಡಳಿತವನ್ನು ವರ್ಣಿಸಿದರೆ ನಮ್ಮಲ್ಲಿ ಯಾರು ಒಪ್ಪುತ್ತಾರೆ?

ಬಿಡುವಿನ ಕೊನೆಯ ಅಂಶವನ್ನಾದರೂ ತುಂಬುವ ಪ್ರಯತ್ನ ಇಲ್ಲದಿಲ್ಲ. ಅದನ್ನು ಮಾಡಿದವರಲ್ಲಿ ಮೈನೆಕೆ ಅವರೇ ಪ್ರಮುಖರು. 2019ರಲ್ಲಿ ಅವರು ತಮ್ಮ ಸಹೋದ್ಯೋಗಿಗಳೊಡನೆ ಈಶಾನ್ಯ ಅಮೆರಿಕದ ನಾಲ್ಕು ಜಾತಿಯ ಸಸ್ಯಗಳ ಒಣಗಿಸಿಟ್ಟ ಮಾದರಿಗಳನ್ನು, 112 ವರ್ಷಗಳ ಅವಧಿಯವನ್ನು, ಪರೀಕ್ಷಿಸಿದರು. 20ನೆಯ ಶತಮಾನದ ಆದಿಯ ಮಾದರಿಗಳಿಗಿಂತ 21ನೆಯ ಶತಮಾನದ ಆದಿಯವುಗಳಲ್ಲಿ ಹಾನಿ ಇರುವ ಸಂಭವ ಶೇಕಡಾ 23ರಷ್ಟು ಹೆಚ್ಚೆಂದು ಕಂಡಿತು. ಬೆಚ್ಚಗಿನ ಚಳಿಗಾಲದ ಅನಂತರ ಹಾನಿ ಹೆಚ್ಚು. ಇದು ನಿಜವಾದ ಕಾಲಾನುಕ್ರಮದ ಪ್ರಮಾಣ, ವರ್ಷ ಬರೆದ ಚೀಟಿಯುಳ್ಳ ಪ್ರಮಾಣ. ನನ್ನ ಅಭಿಪ್ರಾಯದಲ್ಲಿ 2022ರ ಪ್ರಬಂಧಕ್ಕಿಂತ ಇದು ಹೆಚ್ಚು ದೃಢವಾದ ನೆಲದ ಮೇಲೆ ನಿಂತಿದೆ. ಆದರೆ ಇದೇ ಅಧ್ಯಯನದಲ್ಲಿ ಜನಸಾಂದ್ರತೆ ಹೆಚ್ಚಿರುವ ಕಡೆ ಎಲೆಗಳಿಗೆ ಹಾನಿ ಕಡಮೆಯೆಂದು ಬಂದಿದೆ. 2022ರಲ್ಲಿ ನಗರಗಳ ಹರಹು ಹಾನಿಯನ್ನು ಹೆಚ್ಚಿಸುವ ಕಾರಣಗಳ ಸಾಲಿನಲ್ಲಿದೆ. 2019ರಲ್ಲಿ ಅದು ತಗ್ಗಿಸುವ ಕಾರಣ. ಒಬ್ಬ ವಿದುಷಿಯ ಹೆಸರುಳ್ಳ ಎರಡು ಬರೆಹಗಳಲ್ಲಿ ನಗರವು ಎರಡು ಕಡೆ ವಾಲುತ್ತದೆ. ಇದರಲ್ಲಿ ಅಪ್ರಾಮಾಣಿಕತೆಯೇನೂ ಇಲ್ಲ; 'ಇರಬಹುದು' ಎಂಬ ಎಚ್ಚರವನ್ನು ಅವರು ಬಿಟ್ಟಿಲ್ಲ. ಬಿಡುವವರು ಪ್ರಬಂಧವನ್ನು ಎರಡನೆಯ ಬಾಯಿಂದ ಕೇಳಿ ತರಗತಿಯಲ್ಲಿ ಹೇಳುವ ನಾವು. 'ಮನುಷ್ಯನ ಪ್ರಭಾವ' ಎಂಬುದು ಒಂದೇ ವಸ್ತುವಲ್ಲ: ಪತಂಗವನ್ನು ತಂದವನೂ ಮನುಷ್ಯ, ಹೊಲವನ್ನು ಬಿಟ್ಟುಹೋದವನೂ ಮನುಷ್ಯ, ಪೇಟೆ ಕಟ್ಟಿ ಹುಳುವಿಗೆ ನೆಲೆ ಇಲ್ಲದಂತೆ ಮಾಡಿದವನೂ ಮನುಷ್ಯ. ಇವರ ಕೆಲಸಗಳು ಒಂದನ್ನೊಂದು ಕಡಿಯುತ್ತವೆ.

ಆಕ್ಷೇಪದ ಪಾಲು ನಮ್ಮ ಕಡೆಗೂ ಇದೆ. ಕಾಡಿನ ಇತಿಹಾಸವೆಂದು ನಾವು ಬರೆಯುವುದು ಹೆಚ್ಚಾಗಿ ಕಾಯಿದೆಗಳ, ಹರಾಜುಗಳ, ಅಧಿಕಾರಿಗಳ ಪತ್ರಗಳ ಇತಿಹಾಸ. ಯಾವ ವರ್ಷ ಎಷ್ಟು ಮರ ಕಡಿದರೆಂದು ಹೇಳುತ್ತೇವೆ. ಉಳಿದ ಮರ ಹೇಗಿತ್ತೆಂದು ಕೇಳುವುದಿಲ್ಲ. ಸಸ್ಯಸಂಗ್ರಹಾಲಯಗಳಲ್ಲಿ ಬ್ರಿಟಿಷರ ಕಾಲದಿಂದ ಒತ್ತಿಟ್ಟ ಹಾಳೆಗಳಿವೆ. ಅವುಗಳ ಮೂಲೆಯಲ್ಲಿ ಊರು, ತಾರೀಖು, ಸಂಗ್ರಾಹಕನ ಹೆಸರು ಬರೆದಿರುತ್ತದೆ. ಅಂತಹ ಹಾಳೆ ಒಂದು ದಸ್ತೈವಜೆಂದು ನಮ್ಮಲ್ಲಿ ಎಷ್ಟು ಮಂದಿ ಭಾವಿಸಿದ್ದೇವೆ? ಸಂಗ್ರಾಹಕನೂ ನನ್ನ ಮೊದಲ ಗುಂಪಿನ ವಿದ್ಯಾರ್ಥಿಗಳಂತೆ ಅಚ್ಚುಕಟ್ಟಾದ ಕೊಂಬೆಯನ್ನೇ ಮುರಿದಿರುತ್ತಾನೆಂಬ ಶಂಕೆಯನ್ನು ಇಟ್ಟುಕೊಂಡೇ ಅದನ್ನು ಓದಬೇಕು. ಪೀಟರ್‌ಷ್ಯಾಮಿನ ಸುತ್ತಣ ಕೊಳಗಳ ಕೆಸರಿನಿಂದ ಪರಾಗವನ್ನು ತೆಗೆದು ಅಲ್ಲಿಯ ಕಾಡಿನ ಬದಲಾವಣೆಗಳನ್ನು ಈಗಾಗಲೇ ಗುರುತಿಸಿದ್ದಾರೆ. ಅಂತಹ ಕೆಸರಿನಲ್ಲಿ, ಸ್ಯಾಂಡರ್ಸನ್ನನ ನೇಗಿಲಿಗೂ ಟ್ರೂವೆಲೊನ ಪತಂಗಕ್ಕೂ ಹಿಂದಿನ ಪದರಗಳಲ್ಲಿ ಓಕ್ ಎಲೆಯೊಂದು ಇಡಿಯಾಗಿ ಉಳಿದಿದ್ದರೆ, ಅದರ ಅಂಚನ್ನು ಮೊದಲು ನೋಡಬೇಕು.